ನಾಲ್ಕನೇ ಆಯಾಮ ಕಾಲವೋ, ಇನ್ನೊಂದು ದಿಕ್ಕೋ?

ಗಾಂಧಿಬಜಾರ್ ಅಪ್ಪ:
ಮಗಳು ಒಂಬತ್ತನೇ ಕ್ಲಾಸು. "ನಾಲ್ಕನೇ ಆಯಾಮ ಅಂದ್ರೆ ಕಾಲ" ಅಂತ ಸ್ಕೂಲಲ್ಲಿ ಹೇಳಿದಾರೆ. ಯೂಟ್ಯೂಬಲ್ಲಿ ನೋಡಿದ್ರೆ ಒಂದು ಘನದೊಳಗೆ ಇನ್ನೊಂದು ಘನ, ಒಳಗಿಂದ ಹೊರಗೆ ಮಗುಚಿಕೊಳ್ತಾ ತಿರುಗ್ತಿದೆ, ಅದನ್ನೂ ನಾಲ್ಕನೇ ಆಯಾಮ ಅಂತಾರೆ. ಅಲ್ಲಿ ಕಾಲದ ಸುದ್ದಿಯೇ ಇಲ್ಲ. ಎರಡರಲ್ಲಿ ಯಾವುದು ಸರಿ ಅನ್ನೋದು ಅವಳ ಪ್ರಶ್ನೆ. ನಾನು ಬಿಕಾಂ, ತಿಳಿದವರು ಹೇಳಿ. ನನ್ನದೂ ಒಂದಿದೆ: ಇದನ್ನ ಯಾರಾದ್ರೂ ನಿಜವಾಗಿ ಕಣ್ಣಿಗೆ ಕಟ್ಟಿಕೊಂಡಿದಾರಾ, ಅಥವಾ ಎಲ್ರೂ ಲೆಕ್ಕ ಮಾಡಿ ಸುಮ್ನೆ ತಲೆ ಆಡಿಸ್ತಾರಾ?

ಧಾರವಾಡ ಪೇಢೆ:
ಉದ್ದ, ಅಗಲ, ಎತ್ತರ. ಮುಗೀತು. ನಾಲ್ಕನೇದು ಎಲ್ಲೈತಿ ಅಂತ ಮೊದಲ ತೋರಿಸ್ರಿ, ಆಮ್ಯಾಲೆ ಅದು ಕಾಲೋ ದಿಕ್ಕೋ ನೋಡೂಣು.

ನಿವೃತ್ತ ಮೇಷ್ಟ್ರು:
ಅಪ್ಪನವರೇ, ಎರಡೂ ಸರಿ. ಆದರೆ ಎರಡೂ ಒಂದೇ ಅಲ್ಲ. ಆಯಾಮ ಅಂದರೆ ಒಂದು ಬಿಂದುವನ್ನೋ ಘಟನೆಯನ್ನೋ ಗುರುತಿಸಲು ಬೇಕಾಗುವ ಸ್ವತಂತ್ರ ಸಂಖ್ಯೆಗಳ ಲೆಕ್ಕ, ಅಷ್ಟೇ. ನಾಲ್ಕನೆಯ ಸಂಖ್ಯೆ ಗಡಿಯಾರದ್ದಾದರೆ ಅದು ಐನ್‌ಸ್ಟೈನ್ ಹಿಡಿದ ದಾರಿ. ಅದೂ ಅಳತೆಪಟ್ಟಿಯದ್ದೇ ಆದರೆ ರೇಖಾಗಣಿತದ ದಾರಿ. ಎರಡನೆಯದು ಹಳೆಯದು, ಸುಲಭವೂ ಹೌದು. ಅದನ್ನು ಮೊದಲು ನೋಡೋಣ.

ಮಗಳ ಕೈಗೆ ಪೆನ್ಸಿಲ್ ಕೊಡಿ. ಗೆರೆಗೆ 2 ತುದಿ. ಗೆರೆಯನ್ನು ಅಡ್ಡಕ್ಕೆ ಎಳೆದರೆ ಚೌಕ, 4 ಮೂಲೆ. ಚೌಕವನ್ನು ಮೇಲಕ್ಕೆ ಎಳೆದರೆ ಘನ, 8 ಮೂಲೆ. ಘನವನ್ನು ಈ ಮೂರಕ್ಕೂ ಲಂಬವಾದ ದಿಕ್ಕಿಗೆ ಎಳೆದೆವು ಅಂದುಕೊಳ್ಳಿ: 16 ಮೂಲೆ. ಅಂಚುಗಳನ್ನು ಎಣಿಸುವುದೂ ಹೀಗೆಯೇ. ಚೌಕಕ್ಕೆ 4 ಅಂಚು. ಘನ ಆಗುವಾಗ ಹಳೆ ಚೌಕದ್ದು 4, ಹೊಸ ಚೌಕದ್ದು 4, ಮೂಲೆಗಳು ಚಲಿಸಿದ ಜಾಡು 4, ಒಟ್ಟು 12. ಮುಂದಿನದ್ದಕ್ಕೆ 12, 12, 8. ಅಂದರೆ 32. ಚೌಕ ಮುಖಗಳು ಎಷ್ಟು ಅಂತ ಅವಳೇ ಲೆಕ್ಕ ಹಾಕಲಿ (24 ಬರಬೇಕು). ಇದನ್ನು ಸುತ್ತುವರಿದಿರುವುದು 8 ಘನಗಳು. ಹೆಸರು ಟೆಸರಾಕ್ಟ್.

ವಿಡಿಯೋದಲ್ಲಿ ಕಾಣುವುದು ಅದರ ನೆರಳು ಮಾತ್ರ. ಚೌಕ ಬಾಯಿಯ ಒಂದು ಡಬ್ಬವನ್ನು ನೇರ ಮೇಲಿಂದ ಬಗ್ಗಿ ನೋಡಿ. ಬಾಯಿಯ ದೊಡ್ಡ ಚೌಕದೊಳಗೆ ತಳದ ಚೌಕ ಚಿಕ್ಕದಾಗಿ ಕಾಣುತ್ತದೆ. ತಳ ಚಿಕ್ಕದಲ್ಲ, ದೂರದಲ್ಲಿದೆ. ಒಳಗಿನ ಪುಟ್ಟ ಘನದ ಕಥೆಯೂ ಅದೇ: ಅದು ಒಳಗಿಲ್ಲ, ನಾಲ್ಕನೇ ದಿಕ್ಕಿನಲ್ಲಿ ದೂರದಲ್ಲಿದೆ. "ಒಳಗಿಂದ ಹೊರಗೆ ಮಗುಚುವುದು" ಅಂದಿರಲ್ಲ, ಅದು ದೂರದ ಮುಖ ತಿರುಗಿ ಹತ್ತಿರ ಬರುವುದು.

ಇನ್ನು ನಿಮ್ಮ ಪ್ರಶ್ನೆ, ಯಾರಾದರೂ ಕಂಡಿದ್ದಾರಾ ಅಂತ. ಒಬ್ಬರ ಹೆಸರು ಹೇಳಲೇಬೇಕು. ಟೆಸರಾಕ್ಟ್ ಎಂಬ ಹೆಸರನ್ನು 1888ರಲ್ಲಿ ಚಲಾವಣೆಗೆ ತಂದವನು ಚಾರ್ಲ್ಸ್ ಹಿಂಟನ್. ಬಣ್ಣ ಬಳಿದ ಮರದ ಘನಗಳನ್ನು ಬಾಯಿಪಾಠ ಮಾಡಿಸಿ ನಾಲ್ಕನೇ ಆಯಾಮ ಕಾಣಿಸುತ್ತೇನೆ ಅಂತ ಹೊರಟವನು. ಅವನ ನಾದಿನಿ ಅಲಿಸಿಯಾ ಬೂಲ್, ಹದಿನೆಂಟರ ಆಸುಪಾಸಿನಲ್ಲೇ ಆ ಘನಗಳ ಜೊತೆ ಆಡುತ್ತಾ ಗುರುವನ್ನೇ ದಾಟಿಹೋದಳು. ಬೂಲಿಯನ್ ತರ್ಕದ ಜಾರ್ಜ್ ಬೂಲ್ ಮಗಳು. ಅಪ್ಪ ಸತ್ತಾಗ ನಾಲ್ಕು ವರ್ಷ. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವಳಲ್ಲ. ನಾಲ್ಕು ಆಯಾಮದಲ್ಲಿ ಸಮಬಹುಮುಖಿಗಳು (ಘನದ ಹಾಗೆ ಎಲ್ಲ ಕಡೆಯೂ ಒಂದೇ ಥರ ಇರುವ ಆಕೃತಿಗಳು) ಆರೇ ಆರು ಎಂದು ತಾನಾಗಿಯೇ ಕಂಡುಕೊಂಡಳು. 5, 8, 16, 24, 120, 600 ಘನಾಕೃತಿಗಳಿಂದ ಕಟ್ಟಿದವು ಅವು. ಆಮೇಲೆ ಅವನ್ನು ನಮ್ಮ ಲೋಕ ಅಡ್ಡಡ್ಡ ಕತ್ತರಿಸಿದರೆ ಬರುವ ಹೋಳುಗಳನ್ನು ರಟ್ಟಿನಲ್ಲಿ ಮಾಡಿ ಬಣ್ಣ ಹಚ್ಚಿದಳು. ಮನೆ ಮಕ್ಕಳು ಅಂತ ಇದ್ದ ಗೃಹಿಣಿ. ನೆದರ್‌ಲೆಂಡ್ಸಿನ ಗಣಿತಜ್ಞ ಸ್ಖೌಟೆ ಸಮೀಕರಣಗಳಿಂದ ಪಡೆದ ಹೋಳುಗಳೂ ಇವಳ ರಟ್ಟಿನ ಹೋಳುಗಳೂ ತಾಳೆಯಾದವು. 1914ರಲ್ಲಿ ಗ್ರೋನಿಂಗನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು.

(ಪ್ರಾಸಂಗಿಕ: ಅವಳ ತಾಯಿ ಮೇರಿ ಎವರೆಸ್ಟ್, ನಮ್ಮ ದೇಶದ ಸರ್ವೇ ನಡೆಸಿದ ಜಾರ್ಜ್ ಎವರೆಸ್ಟನ ಸಹೋದರನ ಮಗಳು. ಅಳೆಯುವುದು ಮನೆತನದ ಚಾಳಿ ಇರಬೇಕು.)

ವೆಕ್ಟರ್ ವೆಂಕಿ:
ಮೇಷ್ಟ್ರೇ 🙏 ನಾಲ್ಕಕ್ಕೇ ಇಷ್ಟು ಅಂದ್ರೆ, ನಮ್ಮ ಆಫೀಸಲ್ಲಿ ದಿನಾ 768 ಆಯಾಮದಲ್ಲಿ ಒದ್ದಾಡ್ತೀವಿ. ಬರ್ಟ್ ಥರದ ಭಾಷಾ ಮಾದರಿಗಳಲ್ಲಿ ಒಂದೊಂದು ಪದವೂ 768 ಸಂಖ್ಯೆಗಳ ಪಟ್ಟಿ. ಯಾರೂ ಅದನ್ನ "ನೋಡಲ್ಲ". ಮೂರು ಆಯಾಮದ ಅಭ್ಯಾಸ ಅಲ್ಲಿ ಕೈ ಕೊಡುತ್ತೆ ಅನ್ನೋದು ಮೊದಲ ವರ್ಷವೇ ಗೊತ್ತಾಗುತ್ತೆ.

ಒಂದು ತೆಂಗಿನಕಾಯಿ ತಗೊಳ್ಳಿ. ಹೊರಗಿನ ಚಿಪ್ಪಿನ ದಪ್ಪ ತ್ರಿಜ್ಯದ ನೂರರಲ್ಲಿ ಒಂದು ಪಾಲು ಅಂತಿಟ್ಟುಕೊಳ್ಳಿ. ನಮ್ಮ ಮೂರು ಆಯಾಮದಲ್ಲಿ ಒಳಗೆ ಉಳಿಯೋದು 0.99ರ ಘನ, ಅಂದರೆ ಸುಮಾರು 97%. ಬಹುಪಾಲು ಕಾಯಿ, ನೀರು. 100 ಆಯಾಮಕ್ಕೆ ಹೋದರೆ 0.99ನ್ನ ನೂರು ಸಲ ಗುಣಿಸಬೇಕು: ಒಳಗೆ 37% ಅಷ್ಟೇ. 768ರಲ್ಲಿ? 0.05%ಗಿಂತ ಕಮ್ಮಿ. ಇಡೀ ಕಾಯಿ ಚಿಪ್ಪೇ! ಒಳಗೆ ಏನೂ ಇಲ್ಲ. ಅದಕ್ಕೇ "ಮಧ್ಯದಲ್ಲಿ ಇರೋ ಸರಾಸರಿ ಬಿಂದು" ಅನ್ನೋ ಮಾತು ಅಲ್ಲಿ ಅರ್ಥ ಕಳಕೊಳ್ಳುತ್ತೆ. ಲೆಕ್ಕ ಶಾಲೆ ಮಟ್ಟದ್ದು, ಆದ್ರೆ ಚಿತ್ರ ಯಾವ ತಲೆಗೂ ಬರಲ್ಲ.

ಧಾರವಾಡ ಪೇಢೆ:
ವೆಂಕಿ ಸರ್, ನಿಮ್ಮ 768 ಅಂದ್ರ ಖಾತೆ ಪುಸ್ತಕದಾಗಿನ 768 ಕಾಲಮ್ಮು. ಕಿರಾಣಿ ಅಂಗಡಿ ಸೇಠಜಿ ಕಡೆನೂ ಅದಾವ. ಅದಕ್ಕ ಅವಂಗ ಆಯಾಮ ಅಂತಾರೇನು? ಮೇಷ್ಟ್ರ ರಟ್ಟೂ ರಟ್ಟ. ನೆಲದ ಮ್ಯಾಲೆ ಏನರ ಬಿದ್ದಿದ್ದು ತೋರಿಸ್ರಿ, ಒಪ್ಪತೀನಿ.

ಕೋಲಾರದ ಹುಡುಗ:
ನೆಲದ ಮೇಲೆ ಬಿದ್ದದ್ದೇ ಬೇಕಾ ಸಾರ್? ಈಗ ನಿಮ್ಮ ಅಂಗೈ ಚಾಚಿ. ಸೆಕೆಂಡಿಗೆ ಒಂದೆರಡು ಮ್ಯುಆನ್ ತೂರಿಕೊಂಡು ಹೋಗ್ತಾ ಇವೆ. ಬಾಹ್ಯಾಕಾಶದಿಂದ ಬರೋ ವಿಶ್ವಕಿರಣ ಮೇಲಿನ ಗಾಳಿಗೆ ಬಡಿದಾಗ, ಸುಮಾರು 15 ಕಿ.ಮೀ. ಎತ್ತರದಲ್ಲಿ ಹುಟ್ಟೋ ಕಣ ಅದು. ಸರಾಸರಿ ಆಯಸ್ಸು 2.2 ಮೈಕ್ರೋಸೆಕೆಂಡು. ಬೆಳಕಿನ ವೇಗದಲ್ಲಿ ಓಡಿದ್ರೂ ಅಷ್ಟರಲ್ಲಿ 660 ಮೀಟರ್. ಅಂದ್ರೆ ನೆಲ ಮುಟ್ಟೋಕೆ ಇಪ್ಪತ್ತಕ್ಕೂ ಹೆಚ್ಚು ಆಯಸ್ಸು ಬೇಕು. ಸಾವಿರ ಕೋಟಿಗೆ ಒಂದು ಉಳಿದರೆ ಹೆಚ್ಚು. ಆದರೂ ಬರ್ತಾವೆ, ದಂಡಿಯಾಗಿ. ಯಾಕೆ ಅಂದ್ರೆ ಓಡ್ತಿರೋ ಮ್ಯುಆನಿನ ಗಡಿಯಾರ ನಮ್ಮ ಲೆಕ್ಕಕ್ಕೆ ನಿಧಾನ. ಬೆಳಕಿನ 99.8% ವೇಗದಲ್ಲಿದ್ರೆ ಅದರ ಆಯಸ್ಸು ನಮಗೆ ಹದಿನೈದು ಪಟ್ಟಿಗೂ ಹೆಚ್ಚು ಉದ್ದ. ಆಗ ಸುಮಾರು ಕಾಲು ಭಾಗ ನೆಲ ಮುಟ್ಟುತ್ತೆ.

ಈ ಥರ ಕಣದ ಸಾವಿನಲ್ಲೇ ಐನ್‌ಸ್ಟೈನ್ ಮಾತನ್ನ ಪರೀಕ್ಷೆ ಮಾಡಬಹುದು ಅಂತ 1938ರಲ್ಲೇ ಬರೆದವರು ಹೋಮಿ ಭಾಭಾ. ಮುಂದಿನ ವರ್ಷ ಅವರು ಬೆಂಗಳೂರಿನ ಐಐಎಸ್‌ಸಿಗೆ, ಅಂದ್ರೆ ಟಾಟಾ ಇನ್‌ಸ್ಟಿಟ್ಯೂಟಿಗೆ ಬಂದ್ರು. 1941ರಲ್ಲಿ ರೋಸಿ ಮತ್ತು ಹಾಲ್ ಅಮೆರಿಕದ ಕೊಲರಾಡೋದಲ್ಲಿ ಬೆಟ್ಟದ ಮೇಲೊಂದು ಸಲ, ಕೆಳಗೊಂದು ಸಲ ಎಣಿಸಿ ಇದನ್ನ ತೋರಿಸಿದ್ರು.

ನಮ್ಮೂರಿಗೂ ಇದರಲ್ಲಿ ಪಾಲಿದೆ. ಕೆಜಿಎಫ್ ಗಣಿಯೊಳಗೆ ಬೇರೆ ಬೇರೆ ಆಳದಲ್ಲಿ ಎಷ್ಟು ಮ್ಯುಆನ್ ಇಳೀತಾವೆ ಅಂತ ಮುಂಬೈನ ಸಂಶೋಧನಾ ಸಂಸ್ಥೆ ಟಿಐಎಫ್‌ಆರ್‌ನವರು ಎಣಿಸ್ತಿದ್ರು. ಕೆಳಕೆಳಗೆ ಹೋದಂತೆ ಕಮ್ಮಿಯಾಗಿ, ಅತಿ ಆಳದಲ್ಲಿ ವಾರಗಟ್ಟಲೆ ಕಾದ್ರೂ ಒಂದೂ ಇಲ್ಲ. ಇಷ್ಟು ಸದ್ದಿಲ್ಲದ ಜಾಗ ಸಿಕ್ಕ ಮೇಲೆ ಸುಮ್ನಿರ್ತಾರಾ? 1965ರಲ್ಲಿ ಜಪಾನು, ಇಂಗ್ಲೆಂಡಿನವರ ಜೊತೆ ಸೇರಿ 2.3 ಕಿ.ಮೀ. ಆಳದಲ್ಲಿ ವಾತಾವರಣದ ನ್ಯೂಟ್ರಿನೊ (ಬಂಡೆಯನ್ನೂ ಸಲೀಸಾಗಿ ಹಾಯ್ದುಹೋಗೋ ಕಣ) ಹಿಡಿದ್ರು. ನಮ್ಮ ತಾತ ಚಾಂಪಿಯನ್ ರೀಫ್ಸ್‌ನಲ್ಲಿ ಕೆಲಸಕ್ಕಿದ್ದವರು. "ಬೊಂಬಾಯಿ ಸಾಹೇಬ್ರು ಚಿನ್ನ ಬಿಟ್ಟು ಏನೋ ದೀಪ ನೋಡ್ಕೊಂಡು ಕೂತಿರ್ತಾರೆ" ಅನ್ನೋರು. 2001ರಲ್ಲಿ ಗಣಿ ಮುಚ್ಚಿತು. ಈಗ ಅಲ್ಲೆಲ್ಲ ನೀರು.

ಗಾಂಧಿಬಜಾರ್ ಅಪ್ಪ:
ಕೋಲಾರದವರೇ, ಇದು ಗೊತ್ತೇ ಇರಲಿಲ್ಲ. ಆದ್ರೆ ಮ್ಯುಆನಿನ ಗಡಿಯಾರ ನಿಧಾನ ಆಗೋದಕ್ಕೂ ಕಾಲ "ನಾಲ್ಕನೇ ಆಯಾಮ" ಆಗೋದಕ್ಕೂ ಏನು ನಂಟು? ಮಗಳು ಪಕ್ಕದಲ್ಲೇ ಕೂತಿದಾಳೆ.

ನಿವೃತ್ತ ಮೇಷ್ಟ್ರು:
ಪಕ್ಕದಲ್ಲೇ ಇದ್ದರೆ ಒಳ್ಳೆಯದಾಯಿತು. ಪೈಥಾಗೊರಸ್ ಗೊತ್ತಲ್ಲ ಅವಳಿಗೆ? 3, 4, 5ರ ತ್ರಿಭುಜ?

ಒಂದು ನೌಕೆ ಬೆಳಕಿನ 60% ವೇಗದಲ್ಲಿ ಹೋಗುತ್ತಿದೆ. ಭೂಮಿಯವರ ಲೆಕ್ಕದಲ್ಲಿ 5 ವರ್ಷ ಕಳೆದಾಗ ಅದು 3 ಜ್ಯೋತಿರ್ವರ್ಷ ದೂರದಲ್ಲಿರುತ್ತದೆ. ಕಾಗದದಲ್ಲಿ ಕಾಲವನ್ನು ಮೇಲ್ಮುಖವಾಗಿ, ದೂರವನ್ನು ಅಡ್ಡಕ್ಕೆ ಹಾಕಿ. ಭೂಮಿಯದ್ದು ನೇರ ಗೆರೆ, ನೌಕೆಯದ್ದು ಓರೆ. ಓರೆ ಗೆರೆಯ "ಉದ್ದ" ಎಷ್ಟು? ಮಾಮೂಲಿ ರೇಖಾಗಣಿತವಾದರೆ 25 ಮತ್ತು 9 ಕೂಡಿಸಿ ವರ್ಗಮೂಲ. ಇಲ್ಲಿ ಕೂಡಿಸುವುದಲ್ಲ, ಕಳೆಯುವುದು: 25ರಲ್ಲಿ 9 ಕಳೆದರೆ 16, ವರ್ಗಮೂಲ 4. ನೌಕೆಯೊಳಗಿನ ಗಡಿಯಾರ ತೋರಿಸುವುದು 4 ವರ್ಷ. ಅಷ್ಟೇ ವೇಗದಲ್ಲಿ ಮರಳಿ ಬಂದರೆ ಭೂಮಿಯಲ್ಲಿ 10 ವರ್ಷ, ನೌಕೆಯವನಿಗೆ 8.

ಆ ಮೈನಸ್ ಚಿಹ್ನೆಯಲ್ಲೇ ಎಲ್ಲ ಇದೆ. ದಾರಿಯಲ್ಲಿ ಸುತ್ತು ಹಾಕಿದರೆ ಹೆಚ್ಚು ನಡೆಯಬೇಕು. ಕಾಲದೊಳಗೆ ಸುತ್ತು ಹಾಕಿ ಬಂದವನಿಗೆ ಕಡಿಮೆ ವಯಸ್ಸಾಗುತ್ತದೆ. ಐನ್‌ಸ್ಟೈನ್ 1905ರಲ್ಲಿ ಬರೆದದ್ದನ್ನು ಹೀಗೆ ಒಂದು ರೇಖಾಗಣಿತವಾಗಿ 1908ರಲ್ಲಿ ಕೊಲೋನ್ ನಗರದ ಉಪನ್ಯಾಸದಲ್ಲಿ ಇಟ್ಟವರು ಹರ್ಮನ್ ಮಿಂಕೌಸ್ಕಿ, ಜ್ಯೂರಿಕ್‌ನಲ್ಲಿ ಐನ್‌ಸ್ಟೈನ್‌ಗೆ ಗಣಿತ ಕಲಿಸಿದವರು. ಹಾಗಾಗಿ ಶಾಲೆಯಲ್ಲಿ ಹೇಳಿದ್ದು ಸರಿ, ವಿಡಿಯೋನೂ ಸರಿ. ಟೆಸರಾಕ್ಟಿನ ನಾಲ್ಕೂ ದಿಕ್ಕಿಗೆ ಪ್ಲಸ್. ಅದಲುಬದಲು ಮಾಡಿದರೂ ವ್ಯತ್ಯಾಸವಿಲ್ಲ. ದೇಶಕಾಲದಲ್ಲಿ ಒಂದಕ್ಕೆ ಮಾತ್ರ ಬೇರೆ ಚಿಹ್ನೆ. ಉತ್ತರಕ್ಕೆ ಹೊರಟವನು ತಿರುಗಿ ದಕ್ಷಿಣಕ್ಕೆ ಬರಬಹುದು. ನಾಳೆಗೆ ಹೊರಟವನು ತಿರುಗಿ ನಿನ್ನೆಗೆ ಬರಲು ಆ ಮೈನಸ್ ಬಿಡುವುದಿಲ್ಲ, ಬೆಳಕಿನ ವೇಗವನ್ನು ದಾಟಬೇಕಾಗುತ್ತದೆ.

ವೆಕ್ಟರ್ ವೆಂಕಿ:
ಪೇಢೆ ಸರ್‌ಗೆ ಇನ್ನೂ ಹತ್ತಿರದ್ದು: ಫೋನಿನ ಜಿಪಿಎಸ್. ಉಪಗ್ರಹ ಓಡೋದರಿಂದ ಅದರ ಗಡಿಯಾರ ದಿನಕ್ಕೆ 7 ಮೈಕ್ರೋಸೆಕೆಂಡ್ ಹಿಂದೆ, ಮೇಲೆ ಗುರುತ್ವ ಕಮ್ಮಿ ಇರೋದರಿಂದ 45 ಮುಂದೆ. ಒಟ್ಟು 38 ಮುಂದೆ. ಅದನ್ನ ತಿದ್ದದೆ ಬಿಟ್ಟರೆ ದಿನಕ್ಕೆ 10 ಕಿ.ಮೀ.ಗೂ ಹೆಚ್ಚು ತಪ್ಪು ಸೇರ್ತಾ ಹೋಗುತ್ತೆ. ನಮ್ಮ ಇಸ್ರೋದ ನಾವಿಕ್‌ಗೂ ಇದೇ ಥರದ ತಿದ್ದುಪಡಿ ಬೇಕು.

ಧಾರವಾಡ ಪೇಢೆ:
ಹ್ಞಾಂ, ಈ ಮೈನಸ್ ಮಾತು ಒಪ್ಪಿಗಿ. ಆದ್ರ ಟೆಸರಾಕ್ಟು ಇನ್ನೂ ಒಪ್ಪಿಲ್ಲ, ನೆಪ್ಪಿರಲಿ.

ಪುರಾಣಪ್ರಿಯ:
ಇದೆಲ್ಲ ನಮ್ಮಲ್ಲಿ ಮೊದಲೇ ಇತ್ತು. ಭಾಗವತದ ಒಂಬತ್ತನೇ ಸ್ಕಂಧ ನೋಡಿ. ಕಕುದ್ಮಿ ರಾಜ ಮಗಳು ರೇವತಿಗೆ ವರ ಕೇಳಲು ಬ್ರಹ್ಮಲೋಕಕ್ಕೆ ಹೋಗುತ್ತಾನೆ. ಅಲ್ಲಿ ಗಂಧರ್ವರ ಗಾನ ಮುಗಿಯುವ ತನಕ ಕ್ಷಣಕಾಲ ಕಾಯುತ್ತಾನೆ. ಅಷ್ಟರಲ್ಲಿ ಭೂಮಿಯಲ್ಲಿ 27 ಚತುರ್ಯುಗ ಕಳೆದಿರುತ್ತದೆ. ಇದು ಕಾಲದ ಸಾಪೇಕ್ಷತೆ ಅಲ್ಲದೆ ಮತ್ತೇನು?

ಕೋಲಾರದ ಹುಡುಗ:
ಮುಂದಿನದ್ದನ್ನೂ ಹೇಳಿ ಸಾರ್. ವಿಷ್ಣುಪುರಾಣದ ಪ್ರಕಾರ ಹಳೇ ಯುಗದ ರೇವತಿ ತುಂಬಾ ಎತ್ತರ, ಬಲರಾಮ ನೇಗಿಲ ತುದಿಯಿಂದ ಎಳೆದು ಗಿಡ್ಡ ಮಾಡಿಕೊಂಡ. ಐನ್‌ಸ್ಟೈನ್ ಹೇಳಿದ ಉದ್ದದ ಸಂಕೋಚನ ಕೂಡ ಆಗಿಹೋಯ್ತು 😄

ನಿವೃತ್ತ ಮೇಷ್ಟ್ರು:
ನಗು ಬಂತು. ಆದರೆ ಪುರಾಣಪ್ರಿಯರ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ. ಎರಡು ಕಡೆ ಕಾಲ ಬೇರೆ ಬೇರೆ ವೇಗದಲ್ಲಿ ಹರಿಯಬಹುದು ಎಂದು ಊಹಿಸುವುದೇ ಸಣ್ಣ ವಿಷಯವಲ್ಲ, ಅದನ್ನು ನಮ್ಮ ಕಥೆಗಾರರು ಧೈರ್ಯವಾಗಿ ಮಾಡಿದ್ದಾರೆ. ವಿಜ್ಞಾನ ಅನ್ನಬೇಕಾದರೆ ಮಾತ್ರ ಆ 27 ಯಾವ ವೇಗದಿಂದ, ಯಾವ ಗುರುತ್ವದಿಂದ ಬಂತು ಎಂದು ಕೇಳಬೇಕಾಗುತ್ತದೆ. ಕಥೆಗೆ ಆ ಪ್ರಶ್ನೆ ಬೇಡ. ಅಲ್ಲಿ ಬ್ರಹ್ಮಲೋಕದ ಹಿರಿಮೆ ಮುಖ್ಯ, ಗಡಿಯಾರವಲ್ಲ.

ಕುಡ್ಲದ ಮೀನು:
ನಾನು ಮನಶ್ಶಾಸ್ತ್ರ ಪಾಠ ಮಾಡುದು. ಅಪ್ಪನವರ ಎರಡನೇ ಪ್ರಶ್ನೆ ಎಲ್ಲರೂ ಬಿಟ್ಟೇ ಬಿಟ್ಟಿರಲ್ಲ ಮಾರಾಯ್ರೆ, ಮನಸ್ಸಿಗೆ ಇದೆಲ್ಲ ಕಾಣ್ತದಾ ಅಂತ.

1971ರಲ್ಲಿ ಶೆಪರ್ಡ್ ಮತ್ತು ಮೆಟ್ಜ್ಲರ್ ಒಂದು ಪ್ರಯೋಗ ಮಾಡಿದ್ರು. ಹತ್ತು ಸಣ್ಣ ಘನ ಜೋಡಿಸಿ ಮಾಡಿದ ಆಕೃತಿಯ ಎರಡು ಚಿತ್ರ. ಎರಡೂ ಒಂದೇ ಆಕೃತಿಯಾ, ಅಥವಾ ಒಂದು ಇನ್ನೊಂದರ ಕನ್ನಡಿ ಬಿಂಬವಾ ಹೇಳಬೇಕು. ಎಷ್ಟು ಡಿಗ್ರಿ ತಿರುಗಿಸಿದ್ದರೋ ಉತ್ತರಕ್ಕೆ ಅಷ್ಟೇ ಹೆಚ್ಚು ಹೊತ್ತು ಬೇಕಾಯ್ತು, ಸುಮಾರು 60 ಡಿಗ್ರಿಗೆ ಒಂದು ಸೆಕೆಂಡಿನ ಲೆಕ್ಕ. ಅಂದ್ರೆ ತಲೆಯೊಳಗೆ ಜನ ಆ ವಸ್ತುವನ್ನು ನಿಜವಾಗಿ ತಿರುಗಿಸ್ತಾರೆ. ಇನ್ನೂ ಸ್ವಾರಸ್ಯ ಉಂಟು: ಕಾಗದದ ಮೇಲೆಯೇ ತಿರುಗಿಸಿದ್ರೂ, ಕಾಗದದಿಂದ ಒಳಕ್ಕೆ ಆಳವಾಗಿ ತಿರುಗಿಸಿದ್ರೂ ವೇಗ ಹೆಚ್ಚುಕಡಿಮೆ ಒಂದೇ. ಕಣ್ಣಿನ ಪರದೆ ಚಪ್ಪಟೆ ಇದ್ರೂ ಮನಸ್ಸು ಮೂರು ಆಯಾಮದಲ್ಲೇ ಕೆಲಸ ಮಾಡ್ತದೆ.

ನಾಲ್ಕರಲ್ಲಿ? 2008ರಲ್ಲಿ ಅಫ್ಲಾಲೊ ಮತ್ತು ಗ್ರಾಟ್ಸಿಯಾನೊ ಕಂಪ್ಯೂಟರಿನಲ್ಲಿ ನಾಲ್ಕು ಆಯಾಮದ ಚಕ್ರವ್ಯೂಹ ಮಾಡಿ ಜನರನ್ನು ಅದರೊಳಗೆ ಬಿಟ್ಟರು. ತಿರುಗಿ ತಿರುಗಿ ಹೋದ ಮೇಲೆ "ಹೊರಟ ಜಾಗ ಯಾವ ಕಡೆ ಉಂಟು, ತೋರಿಸಿ" ಅಂತ ಕೇಳುದು. ಸಾಕಷ್ಟು ಅಭ್ಯಾಸ ಮಾಡಿದವರು ತೋರಿಸಿದ್ರು. ಅವರಿಗೆ ಒಳಗೆ ಎಂತ ಕಂಡಿತೋ, ಅದು ಬೇರೆ. ದಾರಿಯಂತೂ ಸಿಕ್ಕಿತು.

ಕಾಣುದು ಅಂದ್ರೆ ಕಣ್ಣೇ ಆಗಬೇಕು ಅಂತ ಉಂಟಾ? ಫ್ರಾನ್ಸಿನ ಬೆರ್ನಾರ್ ಮೊರ‍್ಯಾಂಗೆ ಆರನೇ ವಯಸ್ಸಿಗೆ ದೃಷ್ಟಿ ಹೋಯ್ತು. ಗೋಳವೊಂದನ್ನು ಎಲ್ಲೂ ಹರಿಯದೆ, ಮಡಿಕೆ ಬೀಳದೆ, ತನ್ನ ಮೂಲಕವೇ ಹಾಯಿಸಿ ಒಳಮೈ ಹೊರಗೆ ಮಾಡಬಹುದು ಅಂತ ಸ್ಟೀಫನ್ ಸ್ಮೇಲ್ 1950ರ ದಶಕದಲ್ಲಿ ಸಾಧಿಸಿದ್ದ. ಸಾಧ್ಯ ಅಂತ ಗೊತ್ತು, ಹೇಗೆ ಅಂತ ಸ್ಪಷ್ಟ ಚಿತ್ರ ಇಲ್ಲ. ನಡುವಿನ ಹಂತಗಳನ್ನು ಕಟ್ಟಿ, ಜೇಡಿಮಣ್ಣಿನಲ್ಲಿ ಮಾಡಿ ಕಣ್ಣಿದ್ದವರಿಗೆ ತೋರಿಸಿದವರಲ್ಲಿ ಈ ಕುರುಡ ಗಣಿತಜ್ಞ ಮುಖ್ಯ. ನನಗೆ ಅನಿಸುದು, ಅವರಿಗೆ ಅದು ಅನುಕೂಲವೇ ಆಗಿರಬೇಕು. ಕಣ್ಣಿಗೆ ಹೊರಮೈ ಮಾತ್ರ, ಕೈಗೆ ಒಳಗೂ ಹೊರಗೂ ಒಟ್ಟಿಗೆ.

ಸುಮ್ನೆ ಓದುವವಳು:
ಮೊದಲ ಸಲ ಬರೀತಿದೀನಿ. ಗಡಿಯಾರದ ಕಾಲ ಅರ್ಥ ಆಯ್ತು. ಆದರೆ ನನಗೆ ಗೊತ್ತಿರೋ ಕಾಲ ಅದಲ್ಲ. ಆಸ್ಪತ್ರೆ ವರಾಂಡದಲ್ಲಿ ಕೂತ ಹತ್ತು ನಿಮಿಷವೂ ಮೊಮ್ಮಗು ಜೊತೆಗಿನ ಹತ್ತು ನಿಮಿಷವೂ ಒಂದೇನಾ? 1922ರ ಏಪ್ರಿಲ್ 6ರಂದು ಪ್ಯಾರಿಸ್ಸಿನಲ್ಲಿ ಫ್ರೆಂಚ್ ತತ್ತ್ವಜ್ಞಾನಿ ಬರ್ಗ್‌ಸನ್ ಐನ್‌ಸ್ಟೈನ್ ಎದುರೇ ಇದನ್ನ ಎತ್ತಿದ್ದರು. ಬದುಕಿದ ಕಾಲ ಬೇರೆ, ಅಳೆದ ಕಾಲ ಬೇರೆ ಅನ್ನೋ ವಾದ. ತತ್ತ್ವಜ್ಞಾನಿಗಳದ್ದು ಅಂತ ಬೇರೆ ಕಾಲ ಇಲ್ಲ ಅನ್ನೋ ಅರ್ಥದಲ್ಲಿ ಐನ್‌ಸ್ಟೈನ್ ಉತ್ತರಿಸಿದರು. ಅದೇ ವರ್ಷ ಡಿಸೆಂಬರಿನಲ್ಲಿ ನೊಬೆಲ್ ಸಮಾರಂಭದ ಭಾಷಣದಲ್ಲೂ ಬರ್ಗ್‌ಸನ್ ಆಕ್ಷೇಪದ ಪ್ರಸ್ತಾಪ ಬಂತು. ಬಹುಮಾನ ಕೊಟ್ಟಿದ್ದು ದ್ಯುತಿವಿದ್ಯುತ್ ಪರಿಣಾಮದ ನಿಯಮಕ್ಕೆ, ಸಾಪೇಕ್ಷತೆಗಲ್ಲ. ಮ್ಯುಆನ್ ಲೆಕ್ಕದಲ್ಲಿ ಬರ್ಗ್‌ಸನ್ ಸೋತರು, ಒಪ್ಪುತ್ತೀನಿ. ವರಾಂಡದ ಲೆಕ್ಕದಲ್ಲಿ ಸೋತಿಲ್ಲ ಅನ್ನೋದು ನನ್ನ ಅಭಿಪ್ರಾಯ.

ಕುಡ್ಲದ ಮೀನು:
ಅಕ್ಕಾ, ವರಾಂಡದ ಲೆಕ್ಕವನ್ನೂ ಒಬ್ಬರು ಅಳೆದಿದ್ದಾರೆ. ಅಪಘಾತ ಆಗುವಾಗ ಎಲ್ಲ ನಿಧಾನ ಆಯ್ತು ಅಂತ ಜನ ಹೇಳ್ತಾರಲ್ಲ. ಡೇವಿಡ್ ಈಗಲ್‌ಮನ್ ತಂಡ ಡಲ್ಲಾಸಿನಲ್ಲಿ ಜನರನ್ನು 31 ಮೀಟರ್ ಎತ್ತರದಿಂದ ಬೆನ್ನು ಕೆಳಗೆ ಮಾಡಿ ಬಲೆಯೊಳಗೆ ಬೀಳಿಸಿದ್ರು, ಹಗ್ಗ ಇಲ್ಲದೆ. 2007ರಲ್ಲಿ ಪ್ರಕಟ ಆಯ್ತು. ಬಿದ್ದದ್ದು ಎರಡೂವರೆ ಸೆಕೆಂಡಿನಷ್ಟು. ಬೇರೆಯವರು ಬಿದ್ದದ್ದಕ್ಕಿಂತ ತಮ್ಮ ಬೀಳುವಿಕೆ 36% ಹೆಚ್ಚು ಹೊತ್ತು ಆಯ್ತು ಅಂತ ಅವರ ಅಂದಾಜು. ಆದ್ರೆ ಕೈಯಲ್ಲಿ ಕಟ್ಟಿದ ಸಾಧನದಲ್ಲಿ ಓದಲಿಕ್ಕೆ ಆಗದಷ್ಟು ಬೇಗ ಮಿನುಗುವ ಅಂಕಿ ಇತ್ತು. ಕಾಲ ನಿಜವಾಗಿ ನಿಧಾನ ಆಗಿದ್ರೆ ಅದು ಓದಲಿಕ್ಕೆ ಸಿಗಬೇಕಿತ್ತು. ಸಿಗಲಿಲ್ಲ. ಹೆದರಿಕೆಯಲ್ಲಿ ನೆನಪು ದಟ್ಟವಾಗಿ ಕೂತಿತು, ಹಿಂದಿರುಗಿ ನೋಡುವಾಗ ಉದ್ದ ಕಂಡಿತು, ಹಾಗಂತ ಅವರ ವಿವರಣೆ.

ಸುಮ್ನೆ ಓದುವವಳು:
ಅದು ಬೀಳೋದಕ್ಕೆ ಸರಿ. ಕಾಯೋದಕ್ಕೆ ಸರಿಯಾಗಲ್ಲ. ಆ ವರಾಂಡದ್ದು ಏನೂ ನೆನಪೇ ಇಲ್ಲ ನನಗೆ, ಆಗ ಮಾತ್ರ ಮುಗೀತಿರಲಿಲ್ಲ.

ಕುಡ್ಲದ ಮೀನು:
ಹೌದಕ್ಕಾ. ಆಗ ಅನಿಸುವ ಉದ್ದ, ಆಮೇಲೆ ಅನಿಸುವ ಉದ್ದ ಎರಡು ಬೇರೆ ಸಂಗತಿ. ನಮ್ಮ ಶಾಸ್ತ್ರದಲ್ಲೂ ಬೇರೆಯಾಗಿಯೇ ಅಳೆಯುದು. ಈ ಪ್ರಯೋಗ ಎರಡನೆಯದಕ್ಕೆ ಮಾತ್ರ.

ಗಾಂಧಿಬಜಾರ್ ಅಪ್ಪ:
ಮಗಳ ಹೊಸ ಪ್ರಶ್ನೆ: ನಾಲ್ಕನೇ ದಿಕ್ಕಿನಲ್ಲಿ ನಿಂತು ನೋಡೋನಿಗೆ ನಮ್ಮ ನಾಳೆ ಕೂಡ ಕಾಣುತ್ತಾ?

ನಿವೃತ್ತ ಮೇಷ್ಟ್ರು:
ಇಲ್ಲ ಮಗೂ. ಅವನಿಗೆ ಕಾಣುವುದು ನಮ್ಮ ಒಳಗು. ಕಾಗದದ ಮೇಲೆ ಬರೆದ ಚೌಕದ ಒಳಭಾಗ ನಿನಗೆ ಮೇಲಿಂದ ಪೂರ್ತಿ ಕಾಣುತ್ತದಲ್ಲ, ಹಾಗೆ ಅವನಿಗೆ ಬೀಗ ಹಾಕಿದ ಬೀರುವಿನ ಒಳಗೆಲ್ಲ ಒಂದೇ ನೋಟಕ್ಕೆ ಕಾಣುತ್ತದೆ, ಬಾಗಿಲು ತೆಗೆಯದೆ ಸೀರೆ ತೆಗೆಯುತ್ತಾನೆ. ಎಡಗಾಲಿನ ಚಪ್ಪಲಿಯನ್ನು ಎತ್ತಿ ಆ ದಿಕ್ಕಿನಲ್ಲಿ ಮಗುಚಿ ಬಲಗಾಲಿನದಾಗಿ ಮಾಡಿ ಇಡುತ್ತಾನೆ. ಇದನ್ನು 1827ರಲ್ಲೇ ಮೋಬಿಯಸ್ ಗಮನಿಸಿದ್ದ. ಆದರೆ ನಾಳೆ ಅವನಿಗೂ ನಾಳೆಯೇ.

ಅಂಥವನು ಎಲ್ಲಾದರೂ ಇದ್ದಾನಾ ಎಂದರೆ, ಬದುಕುವುದು ಕಷ್ಟ. 1917ರಲ್ಲಿ ಪೌಲ್ ಎರೆನ್‌ಫೆಸ್ಟ್ ಲೆಕ್ಕ ಹಾಕಿದ. ಕಾಲ ಬಿಟ್ಟು, ಜಾಗದ ಆಯಾಮಗಳೇ ನಾಲ್ಕಿದ್ದರೆ ಗುರುತ್ವ ದೂರದ ವರ್ಗಕ್ಕಲ್ಲ, ಘನಕ್ಕೆ ವಿಲೋಮವಾಗಿ ಇಳಿಯುತ್ತದೆ. ಆಗ ಗ್ರಹದ ಕಕ್ಷೆ ಸ್ವಲ್ಪ ಅಲುಗಿದರೂ ಒಂದೋ ಸೂರ್ಯನೊಳಗೆ ಬೀಳುತ್ತದೆ, ಇಲ್ಲವೇ ಹಾರಿಹೋಗುತ್ತದೆ. ಪೇಢೆಯವರ "ಮೂರೇ ಸಾಕು" ವಾದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗದು.

ಧಾರವಾಡ ಪೇಢೆ:
ನೋಡ್ರಿ ಮತ್ತ! 

ವೆಕ್ಟರ್ ವೆಂಕಿ:
ಚಪ್ಪಲಿ ಸರಿ, ಲೇಸು ಕಟ್ಟೋದು? ನಾಲ್ಕು ಆಯಾಮದಲ್ಲಿ ಗಂಟು ನಿಲ್ಲಲ್ಲ ಅಂತ ಓದಿದ ನೆನಪು.

ನಿವೃತ್ತ ಮೇಷ್ಟ್ರು:
ದಾರದ ಗಂಟು ನಿಲ್ಲುವುದಿಲ್ಲ. ಒಂದು ಎಳೆಯನ್ನು ಇನ್ನೊಂದು ಅಡ್ಡಗಟ್ಟಿರುವ ಕಡೆ ಸ್ವಲ್ಪ ನಾಲ್ಕನೇ ದಿಕ್ಕಿಗೆ ಎತ್ತಿ, ದಾಟಿಸಿ, ಮತ್ತೆ ಇಳಿಸಿದರೆ ಬಿಚ್ಚಿಕೊಂಡಿತು. ಆದರೆ ಅಲ್ಲಿ ಗೋಳದ ಮೈಯನ್ನೇ ಗಂಟು ಹಾಕಬಹುದು! 1925ರಲ್ಲಿ ಎಮಿಲ್ ಆರ್ಟಿನ್ ತೋರಿಸಿದ ವಿಧಾನ: ಗಂಟು ಬಿದ್ದ ದಾರದ ಎರಡು ತುದಿಗಳನ್ನು ಒಂದು ಸಮತಲಕ್ಕೆ ಅಂಟಿಸಿ, ಆ ಸಮತಲವನ್ನೇ ಅಚ್ಚು ಮಾಡಿಕೊಂಡು ದಾರವನ್ನು ಪೂರ್ತಿ ಒಂದು ಸುತ್ತು ತಿರುಗಿಸುವುದು. ನಮ್ಮಲ್ಲಿ ಗೆರೆಯ ಸುತ್ತ ಮಾತ್ರ ತಿರುಗಿಸಲು ಸಾಧ್ಯ, ಅಲ್ಲಿ ಸಮತಲದ ಸುತ್ತಲೂ ತಿರುಗಬಹುದು. ದಾರ ಹಾದುಹೋದ ಜಾಡು ಒಂದು ಗೋಳದ ಮೈ, ಬಿಚ್ಚಲಾಗದಂತೆ ಗಂಟು ಬಿದ್ದದ್ದು. ಮೂರೆಳೆ ಗಂಟಿನಿಂದ ಶುರುಮಾಡಿ ವೆಂಕಿ, ನಿಮ್ಮ ಕಂಪ್ಯೂಟರಿನಲ್ಲಿ ಅದರ ಹೋಳುಗಳನ್ನು ತೆಗೆಯಬಹುದು. ತೆಗೆದರೆ ಇಲ್ಲೇ ಹಾಕಿ.